ಎಡಬದಿಯ ಬಾಗಿಲು

"ಇದಕ್ಕೆ ಏನು ಹಾಕಿದ್ರಿ?"

ಅವಳು ಕೇಳಿದ ಧಾಟಿಗೆ ಕಾರಿನ ಯಜಮಾನ ಅರ್ಧ ಹೆಜ್ಜೆ ಹಿಂದೆ ಸರಿದ. ಅವಳ ತಲೆ ಇನ್ನೂ ಕಾರಿನೊಳಗೇ ಇತ್ತು. ಹಾಳಾದ ಡ್ಯಾಶ್‌ಬೋರ್ಡುಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ಇಷ್ಟು ಶ್ರದ್ಧೆಯಿಂದ ಹಾಳು ಮಾಡಿದ್ದನ್ನು ಮಾತ್ರ ಕಂಡಿರಲಿಲ್ಲ. ಎಡ ಸೀಟಿನ ಎದುರಿನ ಪ್ಲಾಸ್ಟಿಕ್ಕು ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ, ಅಲ್ಲಲ್ಲಿ ಬೆಳ್ಳಗೆ ಬಿರಿದಿತ್ತು.

"ಉಗುರಿನ ಬಣ್ಣ ತೆಗೀತಾರಲ್ಲ, ಅದು," ಎಂದ ಅವನು. "ಅತ್ತಿಗೆ ಹತ್ರ ಇತ್ತು."

"ಯಾಕೆ?"

"ಕಲೆ ಆಗಿತ್ತು. ಒರೆಸೋಣ ಅಂತ."

"ಕಲೆ ಹೋಯ್ತಾ?"

"ಹೋಯ್ತು." ಅವನು ಒಮ್ಮೆ ಒಳಗೆ ಇಣುಕಿದ. "ಜೊತೆಗೆ ಪ್ಲಾಸ್ಟಿಕ್ಕೂ ಹೋಯ್ತು."

ಅವಳಿಗೆ ನಗು ಬಂತು. ಮುಖಕ್ಕೆ ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು. ಕಣ್ಣು ಮಾತ್ರ ಬಿಟ್ಟುಕೊಟ್ಟಿತೇನೋ, ಅವನೂ ಸ್ವಲ್ಪ ಧೈರ್ಯ ತಂದುಕೊಂಡು ನಕ್ಕ.

ಸಾಲು ಗ್ಯಾರೇಜುಗಳ ಹಿಂದೆ, ತಗಡಿನ ಸೂರಿನ ಕೆಳಗೆ ಅವಳ ಅಂಗಡಿ. ಕಾರಿನ ಹೊರಮೈ ತಗ್ಗುದಿಣ್ಣೆ ಬೇರೆಯವರ ಪಾಲು. ಅವಳದು ಒಳಗಿನ ಕೆಲಸ ಮಾತ್ರ. ಸುಟ್ಟ ಡ್ಯಾಶ್‌ಬೋರ್ಡು, ಸಿಪ್ಪೆ ಎದ್ದ ಸ್ಟೀರಿಂಗು, ಏನೇನೋ ಚೆಲ್ಲಿ ಕರಗಿದ ಬಾಗಿಲ ಪ್ಯಾನೆಲ್ಲು. ಜೊತೆಗೆ ಬಣ್ಣ ಹೊಡೆಯಲು ಒಬ್ಬ ಹಿರಿಯರಿದ್ದರು. ಇಡೀ ಸಾಲಿಗೇ ಅವರು ಪೇಂಟರ್ ಮಾಮ.

ಅವಳು ಎಡಗಡೆಯ ಬಾಗಿಲು ತೆರೆದಳು. ಕೈ ಇಡುವ ಜಾಗ, ಎಳೆಯುವ ಹಿಡಿಕೆ, ಎರಡಕ್ಕೂ ಬಿಳಿ ನವಿರು ಬೆಳೆದಂತಿತ್ತು.

"ಇದೇನು, ಟವೆಲ್ಲಾ?"

"ಒಂದೇ ಸಲ ಒರೆಸಿದ್ದು."

"ಟವೆಲ್ ಉಳೀತಾ?"

"ಅರ್ಧ ಮನೇಲಿದೆ. ಅರ್ಧ ಇಲ್ಲೇ ಇದೆ."

"ನೋಡಿ, ಪ್ಲಾಸ್ಟಿಕ್ ಕಲ್ಲಲ್ಲ," ಎಂದು ಅವಳು ನಿಧಾನಕ್ಕೆ ಬಿಡಿಸಿ ಹೇಳಿದಳು. "ಕೆಲವು ಎಣ್ಣೆ, ಕೆಲವು ಕ್ರೀಮು ಅದರ ಮೈಗೆ ಇಳಿದ್ರೆ ಒಳಗಿಂದ ಮೆತ್ತಗಾಗುತ್ತೆ. ಆಗ ಒರೆಸಿದಷ್ಟೂ ಕಿತ್ತು ಬರುತ್ತೆ. ಬಾಗಿಲಿಗೆ ಏನು ತಾಗಿದ್ದು?"

"ಸನ್‌ಸ್ಕ್ರೀನ್ ಇರ್ಬೇಕು. ಬಿಸಿಲಿಗೆ ಹಚ್ಕೋತಾರಲ್ಲ."

ಬಿಸಿಲಲ್ಲಿ ಚೆನ್ನಾಗಿ ಬೆಂದ ಅವನ ಮುಖವನ್ನು ಅವಳು ಮೇಲಿಂದ ಕೆಳಗೆ ನೋಡಿದಳು. "ನೀವಂತೂ ಹಚ್ಕೊಳ್ಳೋ ಹಾಗೆ ಕಾಣಲ್ಲ."

"ನಾನಲ್ಲ. ಎಡಗಡೆ ಕೂತ್ಕೊಳ್ಳೋರು," ಎಂದವನು ಮುಂದಿನ ಮಾತನ್ನು ನುಂಗಿಕೊಂಡ. ಹೇಳಬಾರದ್ದು ಹೇಳಿದವನಂತೆ ಕಾರಿನ ಕೀಲಿಕೈ ತಿರುವುತ್ತ ನಿಂತ.

ಆಗಲೇ ಒಳಗಿನಿಂದ ಪೇಂಟರ್ ಮಾಮನ ಕೂಗು ಬಂತು. "ಪುಟ್ಟೀ, ಪುಟ್ಟಿ ಎಲ್ಲಿಟ್ಟೆ?"

"ಪುಟ್ಟಿ ಕಪಾಟಲ್ಲಿದೆ ಮಾಮ," ಎಂದು ಇವಳು ಕೂಗಿದಳು.

ಅವನ ಮುಖದಲ್ಲಿ ಮೂಡಿದ ಗಲಿಬಿಲಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಮಾಸ್ಕ್ ಕೆಳಗೆ ಎಳೆದುಕೊಂಡು ನಕ್ಕೇಬಿಟ್ಟಳು. "ಮೊದಲ್ನೇದು ನಾನು. ಎರಡನೇದು ಬಿರುಕಿಗೆ ತುಂಬೋ ಪುಟ್ಟಿ. ಮನೇಲಿ ಕರೆಯೋ ಹೆಸರು ಇಲ್ಲೂ ಅಂಟ್ಕೊಂಡುಬಿಟ್ಟಿದೆ."

ಅವನು ನಗಲಿಲ್ಲ. ಮುಖ ಪೂರ್ತಿ ಕಂಡಿದ್ದಕ್ಕೋ ಏನೋ, ಸುಮ್ಮನೆ ನೋಡುತ್ತ ನಿಂತುಬಿಟ್ಟ. ಆ ನೋಟ ಅವಳ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತೆಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅವಳು ಮಾಸ್ಕ್ ಏರಿಸಿಕೊಂಡಳು.

ಅವನು ಫಿಸಿಯೋ. ಮುರಿದು ಕೂಡಿದ ಕೈಕಾಲುಗಳನ್ನು ಮತ್ತೆ ಆಡಿಸಲು ಕಲಿಸುವುದು ಅವನ ಕೆಲಸ. "ಅಲ್ಲೂ ಕೈಗೆ ಸಿಕ್ಕಿದ್ದು ಹಚ್ಚಿ ತಿಕ್ಕಿಬಿಡ್ತೀರಾ?" ಎಂದು ಅವಳು ಕೇಳಿದ್ದಕ್ಕೆ, "ಮನುಷ್ಯರು ನೋವಾದ್ರೆ ಕೂಗ್ತಾರೆ. ನಿಮ್ಮ ಪ್ಲಾಸ್ಟಿಕ್ಕು ಕೂಗ್ಲೇ ಇಲ್ಲ," ಎಂದ.

ಕಾರು ಬಿಟ್ಟುಹೋದವನು ಮರುದಿನ ಸಂಜೆ ನೋಡಿಕೊಂಡು ಹೋಗಲು ಬಂದ. ಅದರ ಮರುದಿನವೂ ಬಂದ. ನೋಡಲು ಅಂಥದ್ದೇನೂ ಇರಲಿಲ್ಲ. ಡ್ಯಾಶ್‌ಬೋರ್ಡನ್ನು ತೊಳೆದು, ಒಳಗೆ ಇಳಿದ ದ್ರಾವಣ ಆವಿಯಾಗಿ ಪ್ಲಾಸ್ಟಿಕ್ಕು ಗಟ್ಟಿಯಾಗಲೆಂದು ಅವಳು ಹಾಗೇ ಬಿಟ್ಟಿದ್ದಳು.

"ಏನೂ ಆಗಿಲ್ವಲ್ಲ," ಎಂದ, ಬೋರಲು ಹಾಕಿದ ಬಣ್ಣದ ಡಬ್ಬದ ಮೇಲೆ ಕೂರುತ್ತ.

"ಆಗ್ತಾ ಇದೆ. ಕಾಣಲ್ಲ ಅಷ್ಟೆ."

"ನನ್ನ ಕೆಲಸವೂ ಹಾಗೇ. ತಿಂಗಳುಗಟ್ಟಲೆ ಏನೂ ಕಾಣಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ಲೋಟ ಎತ್ತಿಬಿಡ್ತಾರೆ."

ಮುಂದಿನ ಸಂಜೆಗಳಲ್ಲಿ ಕೆಲಸ ಕಣ್ಣಿಗೆ ಕಾಣುವಂತಾಯಿತು. ಬಿರಿದ ಪದರ ಕೆರೆದು, ತಗ್ಗಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ ನಯ ಮಾಡಿದಳು. ಆಮೇಲೆ ಇನ್ನೊಂದು ಬದಿಯ ಚೆನ್ನಾಗಿದ್ದ ಪ್ಲಾಸ್ಟಿಕ್ಕಿನ ಮೇಲೆ ರಬ್ಬರಿನಂಥ ಲೇಪ ಹಚ್ಚಿ, ಅದರ ಚರ್ಮದಂಥ ಸಣ್ಣ ಗೆರೆಗಳ ಅಚ್ಚು ತೆಗೆದಳು. ಹದವಾಗಿ ಬಿಸಿ ಮಾಡಿದ ಹೊಸ ಪದರದ ಮೇಲೆ ಆ ಅಚ್ಚನ್ನು ಒತ್ತಿ ಹಿಡಿದು ಎತ್ತಿದಾಗ, ಹೊಸ ಜಾಗಕ್ಕೂ ಅದೇ ಗೆರೆಗಳು ಬಂದಿದ್ದವು.

ಅವನು ಉಸಿರು ಬಿಡದೆ ನೋಡುತ್ತಿದ್ದ. ಅವಳಿಗೆ ಅವನು ನೋಡುತ್ತಿರುವುದು ಅಚ್ಚನ್ನೋ ತನ್ನ ಬೆರಳುಗಳನ್ನೋ ತಿಳಿಯಲಿಲ್ಲ. ತಿಳಿಯುವ ಆಸೆಯಾಗಿ ತಲೆಯೆತ್ತಿದರೆ, ಅವನು ನೋಡುತ್ತಿದ್ದದ್ದು ಅವಳ ಭುಜವನ್ನು.

"ಬಲಗಡೆ ನೋಯುತ್ತಾ?"

"ಯಾರು ಹೇಳಿದ್ರು?"

"ಉಜ್ಜೋವಾಗ ಕಿವಿ ಹತ್ರ ತರ್ತೀರಿ." ಅವನು ಎದ್ದು, ಅಂಗಡಿಯ ಬಾಗಿಲ ಚೌಕಟ್ಟಿಗೆ ಮೊಣಕೈ ಆನಿಸಿ, ಎದೆ ಮುಂದೆ ಮಾಡಿ ನಿಂತು ತೋರಿಸಿದ. "ಹೀಗೆ. ದಿನಾ ಮಾಡಿ."

ಅವಳು ಎದುರುಗೋಡೆಯ ಇನ್ನೊಂದು ಬಾಗಿಲ ಚೌಕಟ್ಟಿನಲ್ಲಿ ನಿಂತು ಮಾಡಿದಳು. ಇಬ್ಬರೂ ಎದುರುಬದುರು, ಎರಡು ಬಾಗಿಲುಗಳಲ್ಲಿ. ನಡುವೆ ಸೀಟು ಕಳಚಿದ ಕಾರು. ಒಳಗಿನಿಂದ ಬಂದ ಪೇಂಟರ್ ಮಾಮ ಒಂದು ಕ್ಷಣ ನೋಡಿ, "ಗೋಡೆ ಗಟ್ಟಿ ಇದೆ, ಬೀಳಲ್ಲ. ನೀವಿಬ್ಬರೂ ಹೀಗೆ ಹಿಡ್ಕೊಂಡು ನಿಲ್ಲೋದು ಬೇಕಾಗಿಲ್ಲ," ಎಂದು ಹೋದರು.

ಅಂದು ಅವನು ಕೇಳಿದ, "ಮನೇಲಿ ಯಾರ್ಯಾರು?"

"ಅಕ್ಕ, ನಾನು."

ಅವಳು ತೀರಾ ಆಪ್ತರಿಗೂ ಹೇಳದ್ದನ್ನು ಅವನಿಗೆ ಹೇಳಿದಳು. ಕೆಲವು ವರ್ಷಗಳ ಹಿಂದೆ ಅಕ್ಕ ಬರುತ್ತಿದ್ದ ಟ್ಯಾಕ್ಸಿ ನದಿಯ ಸೇತುವೆ ಮೇಲೆ ಮಗುಚಿ ಹೊತ್ತಿಕೊಂಡದ್ದು. ಬಾಗಿಲು ತೆರೆಯಲು ಹೋಗಿ ಅಕ್ಕನ ಎಡಗೈ ಬೆಂದದ್ದು, ಉಂಗುರದ ಬೆರಳು ಕಿರುಬೆರಳು ಅರ್ಧ ಹೋದದ್ದು. ಅವತ್ತಿನಿಂದ ಅಕ್ಕ ಕಾರು ಹತ್ತಿಲ್ಲ. ಮನೆಯಲ್ಲೇ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ, ಎಲ್ಲಿಗಾದರೂ ನಡೆದೇ ಹೋಗುತ್ತಾಳೆ. ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿದರೂ ಬೆವರುತ್ತಾಳೆ.

"ದೊಡ್ಡ ಕಾರ್ಖಾನೆಯವರು ಒಮ್ಮೆ ಕರೆದಿದ್ರು, ಬೇರೆ ಊರು. ಹೋಗ್ಲಿಲ್ಲ. ಅವಳನ್ನ ಬಿಟ್ಟು ಹೇಗೆ ಹೋಗ್ಲಿ."

ಅವನು ಏನಾದರೂ ಅನ್ನಬಹುದೆಂದು ಅವಳು ಕಾದಳು. ಅವನು ನೆಲ ನೋಡುತ್ತಿದ್ದ. ಆಮೇಲೆ ಥಟ್ಟನೆ ಎದ್ದು, "ನಾನು ಬರ್ತೀನಿ," ಎಂದು ಹೊರಟೇಹೋದ. ಅವಳಿಗೆ ಬಾಯಿಬಿಟ್ಟು ಕೆಟ್ಟೆ ಅನ್ನಿಸಿತು.

ಡ್ಯಾಶ್‌ಬೋರ್ಡು ಮುಗಿದು ಉಳಿದದ್ದು ಎಡಗಡೆಯ ಬಾಗಿಲು.

ಮರುದಿನ ಬೆಳಿಗ್ಗೆ ಪ್ಯಾನೆಲ್ ಕಳಚಿ ಮೇಜಿನ ಮೇಲೆ ಮಲಗಿಸಿದಳು. ಸೋಪಿನ ನೀರಲ್ಲಿ ತೊಳೆದಳು, ಚಿಮುಟ ಹಿಡಿದು ಟವೆಲ್ಲಿನ ಎಳೆಗಳನ್ನು ಬಿಡಿಸಿದಳು. ಒಣಗಿದ ಮೇಲೆ ಮರದ ತುಂಡಿಗೆ ಎಮರಿ ಪೇಪರ್ ಸುತ್ತಿ ಮೇಲುಮೇಲೆ ಉಜ್ಜತೊಡಗಿದಳು. ಹೀಗೆ ಉಜ್ಜುವಾಗ ಉಬ್ಬಿದ ಜಾಗ ಬಿಳಿಚಿಕೊಳ್ಳುತ್ತದೆ. ತಗ್ಗಿಗೆ ಪೇಪರ್ ತಾಗದೆ ಅದು ಕಪ್ಪಗೇ ಉಳಿಯುತ್ತದೆ. ಎಲ್ಲಿ ಎಷ್ಟು ತುಂಬಬೇಕು ಎಂದು ತಿಳಿಯುವುದೇ ಹಾಗೆ.

ಕಪ್ಪಗೆ ಒಂದು ಬೆರಳು ಮೂಡಿತು.

ಯಾರೋ ಬಲವಾಗಿ ಹಿಡಿದಿದ್ದಾರೆ ಅಂದುಕೊಂಡಳು. ಪಕ್ಕದಲ್ಲಿ ಇನ್ನೊಂದು ಬೆರಳು ಮೂಡಿತು. ಮೆತ್ತಗಾದ ಪ್ಲಾಸ್ಟಿಕ್ಕಿನಲ್ಲಿ ಬೆರಳುಗಳು ಹೂತಿದ್ದವು. ಆಮೇಲೆ ಮೂರನೆಯದು. ಅದು ಅರ್ಧಕ್ಕೇ ನಿಂತಿತು. ಅವಳು ಪೇಪರ್ ಬದಲಿಸಿ ಮತ್ತೆ ಉಜ್ಜಿದಳು, ಉಳಿದರ್ಧ ಬರಬಹುದು ಎಂದು. ಬರಲಿಲ್ಲ. ನಾಲ್ಕನೆಯದೂ ಅರ್ಧ.

ಅವಳ ಕೈ ನಿಂತಿತು.

ಆ ಕೈ ಅವಳಿಗೆ ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅದಕ್ಕೆ ಪಟ್ಟಿ ಕಟ್ಟಿದ್ದು, ಪಟ್ಟಿ ಬಿಚ್ಚಿದ್ದು, ಮೊದಲ ಸಲ ಲೋಟ ಹಿಡಿಸಿದ್ದು ಅವಳೇ. ಬೆಂದ ಚರ್ಮಕ್ಕೆ ಬಿಸಿಲು ತಾಗಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಆ ಕೈಗೆ ಬೆಳಿಗ್ಗೆ ಬೆಳಿಗ್ಗೆ ದಪ್ಪಗೆ ಕ್ರೀಮು ಬೀಳುತ್ತದೆ. ಆ ಕ್ರೀಮು ಮುಗಿದಾಗಲೆಲ್ಲ ಅಂಗಡಿಯಿಂದ ತಂದುಕೊಡುವವಳೂ ಅವಳೇ.

ಅಕ್ಕ ಈ ಕಾರಿನಲ್ಲಿ ಕೂತಿದ್ದಾಳೆ. ಕಾರು ಹತ್ತದ ಅಕ್ಕ, ಮುಂದಿನ ಸೀಟಿನಲ್ಲಿ, ಈ ಮನುಷ್ಯನ ಪಕ್ಕದಲ್ಲಿ. ಒಂದು ಸಲವಲ್ಲ. ಪ್ಲಾಸ್ಟಿಕ್ಕು ಕರಗಿ ಕೈಯ ಆಕಾರ ಹಿಡಿಯುವಷ್ಟು ಸಲ.

ಅವಳು ಬಣ್ಣದ ಡಬ್ಬದ ಮೇಲೆ ಕೂತಳು.

"ಏನಾಯ್ತೇ, ಮುಖ ಯಾಕೆ ಸುಣ್ಣ ಬಳಿದ ಹಾಗಾಗಿದೆ?" ಎಂದರು ಪೇಂಟರ್ ಮಾಮ.

"ಧೂಳು ಮಾಮ," ಎಂದಳು.

ಸಂಜೆ ಮನೆಗೆ ಹೋದರೆ ಅಕ್ಕ ಅಡುಗೆಮನೆಯಲ್ಲಿ ಗುನುಗುತ್ತಿದ್ದಳು. ಅಕ್ಕ ಗುನುಗುವುದು ಯಾವಾಗ ಶುರುವಾಯಿತು? ಬೆಳಗಿನ ವಾಕಿಂಗಿನಿಂದ ಕೆಂಪು ಮುಖ ಹೊತ್ತು ಬರುವುದು, ಫೋನ್ ಬಂದರೆ ಹಿತ್ತಿಲಿಗೆ ಹೋಗಿ ಮಾತಾಡುವುದು, ಎಲ್ಲ ಕಣ್ಣೆದುರೇ ನಡೆದಿತ್ತು. ಅವಳಿಗೆ ಕಂಡಿರಲಿಲ್ಲ.

"ಏನೇ ಹಾಗೆ ನೋಡ್ತೀಯ?" ಎಂದಳು ಅಕ್ಕ.

"ಏನಿಲ್ಲ. ಚೆನ್ನಾಗಿ ಕಾಣ್ತಿದೀಯ."

ಅಕ್ಕ ನಾಚಿಕೊಂಡಳು. ಅವಳಿಗೆ ಅಷ್ಟೇ ಸಾಕಾಯಿತು. ತಟ್ಟೆಯ ಮುಂದೆ ಕೂತು, ಅಕ್ಕನಿಗೆ ಕೊನೆಗೂ ಒಳ್ಳೆಯದಾಗುತ್ತಿದೆ, ಸಂತೋಷಪಡು, ಎಂದು ತನಗೇ ಹೇಳಿಕೊಂಡಳು. ಕಲಸಿದ ಅನ್ನ ತಟ್ಟೆಯಲ್ಲೇ ಉಳಿಯಿತು. ಅವನು ಡಬ್ಬದ ಮೇಲೆ ಕೂರುವ ಹೊತ್ತಿಗೆ ಸರಿಯಾಗಿ ಮುಖ ತೊಳೆದುಕೊಳ್ಳುತ್ತಿದ್ದದ್ದು ನೆನಪಾಗಿ ಮೈಯೆಲ್ಲ ನಾಚಿಕೆಯಾಯಿತು.

ಮರುದಿನ ಅವನು ಬಂದಾಗ ಅವಳು ತಲೆ ಎತ್ತಲಿಲ್ಲ. ಪ್ಯಾನೆಲ್ಲನ್ನು ಬಟ್ಟೆಯಿಂದ ಮುಚ್ಚಿದ್ದಳು.

"ಭುಜ ಹೇಗಿದೆ?"

"ಬಾಗಿಲು ಬೇಗ ಮುಗಿಸಿಕೊಡ್ತೀನಿ. ದಿನಾ ಬರೋ ತೊಂದರೆ ತಗೋಬೇಡಿ."

ಅವನು ಕೂರಲು ಹೊರಟವನು ಹಾಗೇ ನಿಂತ. "ನನ್ನಿಂದ ಏನಾದ್ರೂ ತಪ್ಪಾಯ್ತಾ?"

ಅವಳು ಬಟ್ಟೆ ಸರಿಸಿದಳು. ಬಿಳಿಚಿದ ಪ್ಲಾಸ್ಟಿಕ್ಕಿನ ನಡುವೆ ಎರಡು ಉದ್ದ ಬೆರಳು, ಎರಡು ಗಿಡ್ಡ ಬೆರಳು ಕಪ್ಪಗೆ ಎದ್ದು ಕಂಡವು. ಅವನ ಮುಖದ ಬಣ್ಣ ಇಳಿದದ್ದನ್ನು ಅವಳು ನೋಡಿದಳು.

"ನಿಮ್ಮ ಕಾರಲ್ಲಿ ಎಡಗಡೆ ಯಾರು ಕೂತ್ಕೋತಾರೆ?"

"ಅದನ್ನ ನಾನು ಹೇಳೋ ಹಾಗಿಲ್ಲ."

"ಹೇಳೋದು ಬೇಡ. ಈ ಕೈನ ತೊಳೆದು ಪಟ್ಟಿ ಕಟ್ಟಿದವಳು ನಾನು." ಬಟ್ಟೆಯನ್ನು ಮತ್ತೆ ಮೇಲೆ ಎಳೆದಳು. "ಅವಳನ್ನ ಚೆನ್ನಾಗಿ ನೋಡ್ಕೊಳ್ಳಿ. ಅಷ್ಟು ಸಾಕು."

ಅವನು ಕಪಾಳಕ್ಕೆ ಹೊಡೆಸಿಕೊಂಡವನಂತೆ ನಿಂತ.

"ನೀವು ತಪ್ಪು ತಿಳ್ಕೊಂಡಿದೀರಿ," ಎಂದ ಕೊನೆಗೆ. "ಆದ್ರೆ ಸರಿ ಯಾವುದು ಅಂತ ಹೇಳೋ ಹಕ್ಕು ನನಗಿಲ್ಲ. ಅವರನ್ನೇ ಕೇಳಿ. ದಯವಿಟ್ಟು ಇವತ್ತೇ ಕೇಳಿ."

ಅವನು ಹೋದ ಮೇಲೆ ಅವಳು ಬಾಗಿಲಿನ ಕೆಲಸಕ್ಕೆ ಕೈ ಹಾಕಲಿಲ್ಲ. ಅಂಗಡಿಯನ್ನು ಮಾಮನಿಗೆ ಒಪ್ಪಿಸಿ ಮನೆಗೆ ನಡೆದಳು.

ಅಕ್ಕ ಮಕ್ಕಳ ಪಾಠ ಮುಗಿಸಿ ಹಲಗೆ ಒರೆಸುತ್ತಿದ್ದಳು. ಇವಳು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು. "ಅಕ್ಕ, ನಿನಗೆ ಆ ಫಿಸಿಯೋ ಇಷ್ಟ ಆಗಿದ್ರೆ ಮುಚ್ಚಿಡಬೇಡ. ನಾನೇ ನಿಂತು ಮಾತಾಡ್ತೀನಿ."

ಒರೆಸುವ ಬಟ್ಟೆ ಅಕ್ಕನ ಕೈಯಿಂದ ಜಾರಿತು.

"ಯಾವ ಫಿಸಿಯೋ?"

"ಅವರ ಕಾರಿನ ಬಾಗಿಲ ಮೇಲೆ ನಿನ್ನ ಕೈ ಇದೆ."

ಅಕ್ಕ ತನ್ನ ಎಡಗೈಯನ್ನು ತಾನೇ ನೋಡಿಕೊಂಡಳು, ಅದು ಹೇಳದೆ ಕೇಳದೆ ಎಲ್ಲಿಗೋ ಹೋಗಿ ಬಂದಿದೆ ಎಂಬಂತೆ. ಆಮೇಲೆ ನಗಲು ಶುರು ಮಾಡಿದಳು. ಗೋಡೆ ಹಿಡಿದು ನಕ್ಕಳು, ಕುರ್ಚಿಗೆ ಕುಸಿದು ನಕ್ಕಳು. ನಗುತ್ತಿದ್ದ ಹಾಗೇ ಕಣ್ಣಲ್ಲಿ ನೀರು ಬಂತು, ಆ ನೀರು ನಿಲ್ಲಲಿಲ್ಲ.

"ಅಯ್ಯೋ ಹುಚ್ಚಿ. ಇಷ್ಟ ಏನೇ ಬಂತು, ಆ ಮನುಷ್ಯನ ಕಾರಲ್ಲಿ ನಾನು ಎಷ್ಟು ಸಲ ವಾಂತಿ ಮಾಡಿದೀನಿ ಗೊತ್ತಾ?"

ಬೆರಳಿನ ವ್ಯಾಯಾಮಕ್ಕೆಂದು ಅಕ್ಕ ಅವನ ಕ್ಲಿನಿಕ್ಕಿಗೆ ಹೋಗಿದ್ದಳು. ಕೈ ಸುಧಾರಿಸಿತು, ಕಾರಿನ ಭಯ ಹೋಗಲಿಲ್ಲ. ಒಂದು ದಿನ ಅವಳೇ ಕೇಳಿದಳಂತೆ, ಕಾರಲ್ಲಿ ಕೂರೋದು ಕಲಿಸೋಕಾಗುತ್ತಾ ಎಂದು. ಅವನು ಭಯದ ಚಿಕಿತ್ಸೆ ಮಾಡುವ ಡಾಕ್ಟರೊಬ್ಬರನ್ನು ಕೇಳಿಕೊಂಡು ಬಂದು, ಅವರು ಹೇಳಿದ ಹಾಗೆ ತನ್ನ ಕಾರನ್ನೇ ಕ್ಲಿನಿಕ್ಕಿನ ಅಂಗಳದಲ್ಲಿ ನಿಲ್ಲಿಸಿದ. ಮೊದಮೊದಲು ಬಾಗಿಲು ಮುಟ್ಟುವುದಷ್ಟೇ. ಆಮೇಲೆ ಇಂಜಿನ್ ಆಫ್ ಮಾಡಿದ ಕಾರಲ್ಲಿ, ಬಾಗಿಲು ತೆರೆದಿಟ್ಟುಕೊಂಡು ಕೂರುವುದು. ಆಮೇಲೆ ಗೇಟಿನವರೆಗೆ. ಈಗ ಬೀದಿಯ ಕೊನೆಯವರೆಗೆ. ಉದ್ದಕ್ಕೂ ಒಂದು ಕೈಯಲ್ಲಿ ಡ್ಯಾಶ್‌ಬೋರ್ಡು, ಇನ್ನೊಂದರಲ್ಲಿ ಬಾಗಿಲು.

"ನನಗೆ ಯಾಕೆ ಹೇಳ್ಲಿಲ್ಲ?"

ಇದನ್ನು ಕೇಳುವಾಗ ಅವಳಿಗೆ ಸಂತೋಷವಾಗಲಿಲ್ಲ. ಇಷ್ಟು ವರ್ಷ ತಾನು ಹೊತ್ತಿದ್ದೇನೆ ಅಂದುಕೊಂಡಿದ್ದ ಅಕ್ಕ ತನಗೆ ತಿಳಿಯದೆ ಇಳಿದು ನಡೆಯಲು ಕಲಿಯುತ್ತಿದ್ದಳು. ಒಳಗೆಲ್ಲ ಖಾಲಿಯಾದಂತಾಯಿತು.

"ಹೇಳಿ, ಆಮೇಲೆ ನನ್ನಿಂದ ಆಗ್ದೆ ಹೋಗಿದ್ರೆ?" ಎಂದಳು ಅಕ್ಕ. "ಆ ಕಾರ್ಖಾನೆಯವರು ಕರೆದಾಗ ಬೇಡ ಅಂದೆಯಲ್ಲ, ಅವತ್ತು ಹಿತ್ತಿಲಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ. ನಲ್ಲಿ ಸದ್ದಿಗೆ ಕೇಳಲ್ಲ ಅಂದ್ಕೊಂಡಿದ್ದೆ ನೀನು."

"ನೀನು ಭಾರ ಅಂತ ನಾನು ಯಾವತ್ತಾದ್ರೂ ಹೇಳಿದೀನಾ?"

"ಹೇಳ್ಲಿಲ್ಲ ಕಣೇ. ಹೇಳಿದ್ರೆ ಜಗಳ ಆಡಿಯಾದ್ರೂ ಹಗುರ ಆಗ್ತಿದ್ದೆ."

ಹೊರಗೆ ಯಾರದೋ ಕಾರಿನ ಬಾಗಿಲು ಬಡಿಯಿತು. ಅಕ್ಕ ಬೆಚ್ಚಲಿಲ್ಲ. ಅದನ್ನು ಇಬ್ಬರೂ ಗಮನಿಸಿದರು.

"ನನ್ನ ಅಂಗಡಿಗೆ ಕಳಿಸಿದ್ದು ಯಾರು?" ಇವಳು ಕೇಳಿದಳು.

"ನಾನೇ. ಕಾರು ಹಾಳು ಮಾಡಿದವಳು ನಾನು, ಸರಿ ಮಾಡೋಳು ನನ್ನ ತಂಗಿ ಇರೋವಾಗ ಬೇರೆ ಕಡೆ ಯಾಕೆ ಹೋಗ್ಬೇಕು? ನನ್ನ ವಿಷಯ ಎತ್ತಬೇಡಿ, ನನ್ನ ಗುರುತೇ ಇಲ್ಲದವರ ಹಾಗಿರಿ ಅಂತ ಆಣೆ ಹಾಕಿಸ್ಕೊಂಡಿದ್ದೆ. ನೀನು ಕೈ ಗುರುತು ಹಿಡೀತೀಯ ಅಂತ ಹೊಳೀಲೇ ಇಲ್ಲ." ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡು ಓರೆಗಣ್ಣಿನಿಂದ ನೋಡಿದಳು. "ಕಾರು ಕೊಟ್ಟ ಮೇಲೆ ದಿನಾ ಯಾಕೆ ಬರ್ತಿದ್ರೋ, ಅದು ನನಗೆ ಗೊತ್ತಿಲ್ಲಪ್ಪ. ಅದಕ್ಕೆ ನಾನು ಆಣೆ ಹಾಕಿಸಿರ್ಲಿಲ್ಲ."

ಇವಳ ಕಿವಿ ಬಿಸಿಯಾಯಿತು. "ಅವರು ಏನಾದ್ರೂ ಅಂದ್ರಾ?"

"ಬಾಯಿ ಬಿಡಲ್ಲ. ನಾನಿನ್ನೂ ಅವರ ಪೇಷಂಟು, ನೀನು ಪೇಷಂಟಿನ ತಂಗಿ. ಜೊತೆಗೆ ನಿನ್ನ ಹತ್ರ ಒಂದು ವಿಷಯ ಮುಚ್ಚಿಟ್ಕೊಂಡು ಇನ್ನೊಂದು ಹೇಳೋದು ಮೋಸ ಅಂತೆ. ಅಷ್ಟು ಹೇಳಿದ್ದಾರೆ. ಉಳಿದದ್ದು ನಿಮ್ಮ ಹಣೆಬರಹ."

ಬಾಗಿಲ ಕೆಲಸವನ್ನು ಅವಳು ಇಡೀ ಎರಡು ದಿನ ಮಾಡಿದಳು. ಗುಂಡಿಗಳಿಗೆ ಪುಟ್ಟಿ ತುಂಬಿದಳು, ಉಜ್ಜಿದಳು, ಗೆರೆಗಳ ಅಚ್ಚು ಒತ್ತಿದಳು. ಪೇಂಟರ್ ಮಾಮ ಬಣ್ಣ ಬೆರೆಸಿ ಬೆರೆಸಿ ಹಳೆಯ ಕಡುಬೂದು ಬಣ್ಣಕ್ಕೆ ಹೊಂದಿಸಿ ಹೊಡೆದರು. ಒಣಗಿದ ಪ್ಯಾನೆಲ್ಲನ್ನು ಕಾರಿಗೆ ಕೂರಿಸಿದ ಬೆಳಿಗ್ಗೆ, ಅವನಿಗೆ ಫೋನ್ ಮಾಡಿ ಬರಹೇಳಿದಳು.

ಅವನು ಬಂದಾಗ ಅಂಗಡಿಯ ಮುಂದೆ ಅಕ್ಕ ನಿಂತಿದ್ದಳು. ಅವನು ಅಲ್ಲೇ ನಿಂತುಬಿಟ್ಟ.

"ಎಲ್ಲ ಹೇಳಿದೀನಿ," ಎಂದಳು ಅಕ್ಕ. "ಇನ್ನು ನೀವು ಕಳ್ಳನ ಹಾಗೆ ನಿಲ್ಲೋದು ಬೇಕಾಗಿಲ್ಲ. ಇವತ್ತು ಸೇತುವೆ ದಾಟ್ತೀನಿ."

"ಸೇತುವೆನಾ?" ತಂಗಿ ಮತ್ತು ಫಿಸಿಯೋ ಒಟ್ಟಿಗೇ ಕೇಳಿದರು.

"ಬೀದಿ ಕೊನೆ ದಾಟಿ ಹೋಗೇ ಇಲ್ಲ ನಾವು," ಎಂದ ಅವನು. "ಸೇತುವೆಗೆ ಇನ್ನೂ..."

"ಇವಳು ಓಡಿಸಲಿ. ನೀವು ಹಿಂದೆ ಕೂತ್ಕೊಳ್ಳಿ. ನನಗೆ ಮನಸ್ಸು ಬಂದಿರೋವಾಗ ಮಾತು ಬೆಳೆಸಬೇಡಿ."

ಅಕ್ಕ ಬಾಗಿಲು ತೆರೆದು ಕೂತಳು. ಹೊಸದಾದ ಪ್ಯಾನೆಲ್ಲನ್ನು ನೋಡಿ, "ಎಲ್ಲಿತ್ತೇ ನನ್ನ ಕೈ?" ಎಂದು ಹುಡುಕಿದಳು. ಸಿಗಲಿಲ್ಲ. ಕೈಗೆ ಹತ್ತಿಯ ಗ್ಲೌಸ್ ಹಾಕಿಕೊಂಡು, "ಮತ್ತೆ ಕರಗಿಸಿಬಿಟ್ರೆ ಕಷ್ಟ," ಎಂದು ಬಾಗಿಲು ಎಳೆದುಕೊಂಡಳು.

ತಂಗಿ ಗಿಯರು ಹಾಕಿದಳು. ಅವಳ ಕೈಯೇ ಬೆವರುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಸೀಟಿನಿಂದ ಅವನ ಕಣ್ಣು ಅಕ್ಕನ ಉಸಿರನ್ನು ಎಣಿಸುತ್ತಿತ್ತು. ಒಮ್ಮೆ ಆ ಕಣ್ಣು ಕನ್ನಡಿಗೆ ಬಂತು. ಇವಳದು ಅಲ್ಲೇ ಇತ್ತು. ಎರಡೂ ಬೇಗ ಬೇರೆಯಾದವು.

ಸೇತುವೆಯ ಏರು ಬಂದಾಗ ಅಕ್ಕನ ತುಟಿ ಬಿಳಿಚಿತು.

"ನಿಲ್ಲಿಸ್ಲಾ?"

"ಬೇಡ."

"ಕಿಟಕಿ ಇಳಿಸಿ," ಎಂದ ಅವನು ಹಿಂದಿನಿಂದ, ಮೆಲ್ಲಗೆ. "ಉಸಿರು ಹೊರಗೆ ಬಿಡಿ. ಉದ್ದಕ್ಕೆ. ಕಂಬಗಳನ್ನ ನೋಡಬೇಡಿ, ನೀರು ನೋಡಿ."

ಅಕ್ಕ ಕಣ್ಣು ಮುಚ್ಚಲಿಲ್ಲ. ಟ್ಯಾಕ್ಸಿ ಮಗುಚಿದ ಜಾಗದಲ್ಲಿ ಸೇತುವೆಯ ತಡೆಗೋಡೆಗೆ ಹಾಕಿದ ತೇಪೆ ಈಗಲೂ ಬೇರೆ ಬಣ್ಣದ್ದಾಗಿತ್ತು. ಅದು ಬಂತು, ಕಿಟಕಿಯಲ್ಲಿ ಒಂದು ಕ್ಷಣ ಇತ್ತು, ಹೋಯಿತು. ಕಾರು ಆಚೆ ದಡಕ್ಕೆ ಇಳಿಯಿತು.

"ನಿಲ್ಲಿಸು," ಎಂದಳು ಅಕ್ಕ.

ಇವಳು ಗಾಬರಿಯಿಂದ ಬದಿಗೆ ನಿಲ್ಲಿಸಿದಳು. ಅಕ್ಕ ಇಳಿದಳು. ಅವನೂ ಇಳಿಯಲು ಬಾಗಿಲಿಗೆ ಕೈ ಹಾಕಿದ.

"ಕೂತ್ಕೊಳ್ಳಿ," ಎಂದಳು ಅಕ್ಕ ಕಿಟಕಿಯಲ್ಲಿ ಬಗ್ಗಿ. ಮುಖ ಬೆವರಿನಿಂದ ಹೊಳೆಯುತ್ತಿತ್ತು. "ನನ್ನ ಚಿಕಿತ್ಸೆ ಇವತ್ತಿಗೆ ಮುಗೀತು. ಇನ್ನು ನಾನು ನಿಮ್ಮ ಪೇಷಂಟಲ್ಲ."

ಅವಳು ರಸ್ತೆಯಂಚಿಗೆ ಹೋಗಿ ಎಡಗೈ ಎತ್ತಿದಳು. ಬರುತ್ತಿದ್ದ ಟ್ಯಾಕ್ಸಿಯೊಂದು ನಿಂತಿತು. ತಂಗಿ ನೋಡುತ್ತಿದ್ದ ಹಾಗೇ ಅಕ್ಕ ಬಾಗಿಲು ತೆರೆದು ಒಳಗೆ ಕೂತು, ಅದನ್ನು ಸದ್ದಾಗುವಂತೆ ಮುಚ್ಚಿಕೊಂಡಳು. ಟ್ಯಾಕ್ಸಿ ತಿರುಗಿ, ಬಂದ ಸೇತುವೆಯನ್ನೇ ಹತ್ತಿ ಹೋಯಿತು.

ಕಾರಿನೊಳಗಿದ್ದ ಇಬ್ಬರೂ ಹಿಂದಿನ ಗಾಜಿನಲ್ಲಿ ಅದನ್ನು ನೋಡಿದರು.

"ಅವಳು ಟ್ಯಾಕ್ಸಿ ಹತ್ತಿದ್ಲು," ಎಂದಳು ಇವಳು.

"ಹತ್ತಿದ್ರು."

"ಒಬ್ಬಳೇ."

"ಒಬ್ಬರೇ." ಅವನ ದನಿ ಒಡೆದಿತ್ತು. ಕನ್ನಡಿಯಲ್ಲಿ ನೋಡಿದರೆ ಅವನು ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಅದನ್ನು ನೋಡಿ ಇವಳಿಗೂ ತಡೆಯಲಾಗಲಿಲ್ಲ. ಸ್ಟೀರಿಂಗಿಗೆ ಹಣೆಯಿಟ್ಟು ಅತ್ತಳು. ಅವನು ಸಮಾಧಾನ ಹೇಳಲಿಲ್ಲ, ಅವಸರವನ್ನೂ ಮಾಡಲಿಲ್ಲ.

ಅವಳು ಮುಖ ಒರೆಸಿಕೊಂಡ ಮೇಲೆ ಕೇಳಿದ, "ಮುಂದೆ ಬರ್ಲಾ?"

"ಹಿಂದೆ ಕೂತ್ರೆ ನಾನು ಡ್ರೈವರ್ ಆಗ್ತೀನಿ."

ಅವನು ಮುಂದೆ ಬಂದು ಕೂತ. ಎದುರಿನ ರಸ್ತೆಯನ್ನು ನೋಡುತ್ತ ಹೇಳಿದ, "ಅವತ್ತು ನೀವು 'ಅವಳನ್ನ ಚೆನ್ನಾಗಿ ನೋಡ್ಕೊಳ್ಳಿ' ಅಂದ್ರಲ್ಲ. ತಪ್ಪು ತಿಳ್ಕೊಂಡ್ರು ಅಂತ ಬೇಜಾರಾಗ್ಲಿಲ್ಲ. ಇಷ್ಟು ಸುಲಭವಾಗಿ ನನ್ನನ್ನ ಬಿಟ್ಟುಕೊಟ್ರಲ್ಲ ಅಂತ ಎದೆ ಧಸಕ್ ಅಂತು."

"ಸುಲಭವಾಗಿ ಅಂತ ಯಾರು ಹೇಳಿದ್ರು?"

ಅವನು ತಿರುಗಿದ. ಇವಳು ತಿರುಗಲಿಲ್ಲ, ಆದರೆ ಕಿವಿಯ ಅಂಚು ಕೆಂಪಾದದ್ದು ಅವನಿಗೆ ಕಂಡಿತು.

"ನೀವು ಇಷ್ಟ," ಎಂದ. "ಟವೆಲ್ ಉಳೀತಾ ಅಂತ ಕೇಳಿದಾಗಿನಿಂದ. ಹೇಳೋಕೆ ಬಾಯಿ ಕಟ್ಟಿತ್ತು. ಅಕ್ಕ ಈಗ ಬಿಚ್ಚಿದ್ರು."

ಅವಳು ಸ್ಟೀರಿಂಗನ್ನು ಬೆರಳಿನಿಂದ ಸವರಿದಳು. ಅವನೇ ಮುಂದುವರಿದು ಕೇಳಿದ, "ಈಗ ನೀವು ಆ ಕಾರ್ಖಾನೆಗೆ ಹೋಗಬಹುದು. ಇಲ್ಲೇ ಇರಬಹುದು. ನಿಮಗೇನು ಬೇಕು?"

ಇಷ್ಟು ವರ್ಷ ಅಕ್ಕನಿಗೇನು ಬೇಕು, ಗಿರಾಕಿಗೇನು ಬೇಕು ಎಂದೇ ಯೋಚಿಸಿದವಳಿಗೆ, ಈ ಪ್ರಶ್ನೆಗೆ ಒಳಗೆ ಉತ್ತರವೇ ಇಲ್ಲವೆಂದು ತಿಳಿದು ದಿಗಿಲಾಯಿತು. "ಗೊತ್ತಿಲ್ಲ," ಎಂದಳು ನಿಜವಾಗಿ. "ಯಾರೂ ಕೇಳಿರ್ಲಿಲ್ಲ."

"ನಿಧಾನಕ್ಕೆ ಹೇಳಿ. ಕಾಯೋದು ನನ್ನ ಕೆಲಸ."

"ಒಂದು ಮಾತ್ರ ಗೊತ್ತು." ಅವಳು ಈಗ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಎಲ್ಲಿಗೆ ಹೋದ್ರೂ ನೀವು ಪಕ್ಕದಲ್ಲಿರ್ಬೇಕು."

ಅವನು ಗಿಯರಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟ. ಅವಳ ಬೆರಳುಗಳ ತುದಿಗಳು ಎಮರಿ ಪೇಪರಿಗೆ ಸವೆದು ಒರಟಾಗಿದ್ದವು. ಅವನು ಅವನ್ನು ಹಗುರವಾಗಿ ಹಿಡಿದುಕೊಂಡ.

"ಈ ರಸ್ತೆ ಎಲ್ಲಿಗೆ ಹೋಗುತ್ತೆ?" ಎಂದಳು ಅವಳು.

"ನನಗೂ ಗೊತ್ತಿಲ್ಲ. ಈ ಕಡೆ ಬಂದೇ ಇಲ್ಲ."

"ನಾನೂ ಅಷ್ಟೆ," ಎಂದು ಅವಳು ಕಾರು ಹೊರಡಿಸಿದಳು.